ಕೊಲೆ, ದರೋಡೆಯಂಥ ಕೇಸಿನಲ್ಲಿ ಸಿಕ್ಕಿಬಿದ್ದ 16 ವರ್ಷದ ಹುಡುಗನಿಗೂ ಜಾಮೀನು ಸಿಗುತ್ತದೆಯೇ? ಹೇಗೆ?

ಸಿಗುತ್ತದೆ. ಬಾಲ ನ್ಯಾಯ ಕಾಯ್ದೆ, 2015ರ 12ನೇ ಕಲಂ ಪ್ರಕಾರ 18 ತುಂಬದವರಿಗೆ ಜಾಮೀನು ಕೊಡುವುದೇ ನಿಯಮ, ನಿರಾಕರಿಸುವುದು ಅಪವಾದ. ವಯಸ್ಕರ ವಿಷಯದಲ್ಲಿ ನ್ಯಾಯಾಲಯ ಅಪರಾಧ ಎಷ್ಟು ಗಂಭೀರ ಎಂದು ನೋಡುತ್ತದೆ. ಇಲ್ಲಿ ಬಾಲ ನ್ಯಾಯ ಮಂಡಳಿ ನೋಡಬೇಕಾದದ್ದು, ಬಿಟ್ಟರೆ ಈ ಮಗುವಿಗೆ ಏನಾಗುತ್ತದೆ ಎಂಬುದನ್ನು. ನಿರಾಕರಿಸಲು ಕಾರಣ ಮೂರೇ: ಹೊರಬಂದರೆ ಅಪರಾಧಿಗಳ ಸಹವಾಸಕ್ಕೆ ಬೀಳಬಹುದು, ಅವನಿಗೇ ನೈತಿಕ, ದೈಹಿಕ ಅಥವಾ ಮಾನಸಿಕ ಅಪಾಯವಿದೆ, ಇಲ್ಲವೇ ನ್ಯಾಯದ ಉದ್ದೇಶವೇ ವಿಫಲವಾಗುತ್ತದೆ. ಕಾರಣವನ್ನು ಆದೇಶದಲ್ಲಿ ಬರೆಯಲೇಬೇಕು. ಈ ಮೂರನೆಯ ಕಾರಣ ತೀರಾ ಸಡಿಲ. ಅಪರಾಧದ ಗಾಂಭೀರ್ಯ ಹಿಂಬಾಗಿಲಿನಿಂದ ನುಸುಳುವುದು ಇಲ್ಲಿಯೇ.

ಹಿಡಿದ 24 ಗಂಟೆಯೊಳಗೆ (ಪ್ರಯಾಣದ ಸಮಯ ಬಿಟ್ಟು) ಮಂಡಳಿಯ ಮುಂದೆ ಹಾಜರುಪಡಿಸಬೇಕು. ಲಾಕಪ್ಪಿಗಾಗಲಿ ಜೈಲಿಗಾಗಲಿ ಹಾಕುವಂತಿಲ್ಲ. ಜಾಮೀನು ಸಿಗದಿದ್ದರೆ, ಮಕ್ಕಳನ್ನು ಇರಿಸಲೆಂದೇ ಇರುವ ವೀಕ್ಷಣಾಲಯ (ಅಬ್ಸರ್ವೇಷನ್ ಹೋಮ್) ಅಥವಾ ಸುರಕ್ಷಿತ ಸ್ಥಳ (ಪ್ಲೇಸ್ ಆಫ್ ಸೇಫ್ಟಿ).

ಬಹಳ ಕಡೆ ಎಡವಟ್ಟಾಗುವುದು ವಯಸ್ಸಿನ ದಾಖಲೆಯಲ್ಲಿ. ಪೊಲೀಸರು 19 ಎಂದು ಬರೆದುಕೊಂಡರೆ ಹುಡುಗ ನೇರವಾಗಿ ವಯಸ್ಕರ ಜೈಲಿಗೆ ಹೋಗಿಬಿಡಬಹುದು. ಆದ್ದರಿಂದ ಮನೆಯವರು ಮೊದಲ ದಿನವೇ ಶಾಲೆಯ ಜನ್ಮದಿನಾಂಕದ ಪ್ರಮಾಣಪತ್ರ ಅಥವಾ ಎಸ್ಸೆಸ್ಸೆಲ್ಸಿ ಅಂಕಪಟ್ಟಿ ಒಯ್ಯಬೇಕು. ಅವಿಲ್ಲದಿದ್ದರೆ ಪಂಚಾಯಿತಿ ಅಥವಾ ನಗರಸಭೆಯ ಜನನ ಪ್ರಮಾಣಪತ್ರ. ಯಾವುದೂ ಇಲ್ಲದಿದ್ದರೆ ಮಾತ್ರ ಮೂಳೆ ಪರೀಕ್ಷೆ. ಆಧಾರ್ ಕಾರ್ಡ್ ಈ ಪಟ್ಟಿಯಲ್ಲೇ ಇಲ್ಲ.

ಶ್ಯೂರಿಟಿ ಕೊಡುವವರಿಲ್ಲವೆಂದು ಕೈಚೆಲ್ಲಬೇಡಿ. ಶ್ಯೂರಿಟಿ ಇಲ್ಲದೆಯೂ, ಪರಿವೀಕ್ಷಣಾಧಿಕಾರಿಯ (ಪ್ರೊಬೇಷನ್ ಅಧಿಕಾರಿ) ನಿಗಾದಲ್ಲಿ ಬಿಡಬಹುದು. ಆದೇಶವಾಗಿ 7 ದಿನದೊಳಗೆ ಷರತ್ತು ಪೂರೈಸಲಾಗದಿದ್ದರೆ, ಅದನ್ನು ಬದಲಿಸಲು ಮಗುವನ್ನು ಮತ್ತೆ ಮಂಡಳಿಯ ಮುಂದೆ ತರಲೇಬೇಕು. ವಕೀಲರು ಬೇಕಿದ್ದರೆ ಜಿಲ್ಲಾ ಕಾನೂನು ಸೇವೆಗಳ ಪ್ರಾಧಿಕಾರದಿಂದ ಉಚಿತವಾಗಿ ಸಿಗುತ್ತಾರೆ.