ದುಕ್ಕಾ ಮಾಡಲು ಹೋದರೆ ಮುದ್ದೆಯಾಗುವುದು ಯಾಕೆ?

ಪ್ರಶ್ನೆ: ಮೆಲ್ಬರ್ನ್‌ನಲ್ಲಿರುವ ಮಗಳು ಬರುವಾಗ ‘ದುಕ್ಕಾ’ ಅನ್ನೋ, ಬೀಜ-ಮಸಾಲೆ ಕುಟ್ಟಿ ಮಾಡಿದ ಪುಡಿಯ ಬಾಟಲಿ ತಂದಿದ್ದಳು. ಮೂಲ ಈಜಿಪ್ಟಿನದಂತೆ. ಎಲ್ಲರಿಗೂ ಹಿಡಿಸಿ ಬೇಗ ಖಾಲಿಯಾಯಿತು. ನಾನೇ ಮಾಡೋಣವೆಂದು ಬಾಟಲಿ ಮೇಲೆ ಬರೆದಿದ್ದ ಸಾಮಾನನ್ನೆಲ್ಲ ಒಟ್ಟಿಗೆ ಹುರಿದು, ಬಿಸಿಬಿಸಿಯಾಗಿಯೇ ಮಿಕ್ಸಿಗೆ ಹಾಕಿದೆ. ಎಣ್ಣೆ ಬಿಟ್ಟು ಮುದ್ದೆಯಾಯಿತು. ಹೇಝಲ್‌ನಟ್ ಎಂಬ ದುಬಾರಿ ಬೀಜಕ್ಕೆ ಕೊಟ್ಟ ದುಡ್ಡೂ ನೀರಲ್ಲಿ ಹೋಮ. ಎಲ್ಲಿ ತಪ್ಪಿತು? ಶೇಂಗಾ ಹಾಕಿದರೆ ನಡೆಯುತ್ತದೆಯೇ?
— ಓದುಗರು, ಧಾರವಾಡ

ಉತ್ತರ: ಒಟ್ಟಿಗೆ ಹುರಿದದ್ದು ಒಂದು ತಪ್ಪು, ಬಿಸಿಯಿದ್ದಾಗಲೇ ರುಬ್ಬಿದ್ದು ಇನ್ನೊಂದು. ಹೇಝಲ್‌ನಟ್‌ನಲ್ಲಿ ನೂರಕ್ಕೆ 60ರಷ್ಟು ಎಣ್ಣೆಯೇ ಇದೆ. ಎಳ್ಳು, ಶೇಂಗಾದಲ್ಲಿ ಹತ್ತಿರ ಹತ್ತಿರ ಅರ್ಧ. ಮಿಕ್ಸಿಯ ಬ್ಲೇಡ್ ಬೀಜವನ್ನು ನುಣ್ಣಗೆ ಅರೆದಷ್ಟೂ ಒಳಗಿನ ಎಣ್ಣೆ ಹೊರಬರುತ್ತದೆ. ಬೀಜ ಬಿಸಿಯಿದ್ದರೆ ಕೇಳುವುದೇ ಬೇಡ. ಅಲ್ಲಿಗೆ ಅದು ಪುಡಿಯಾಗಿ ಉಳಿಯುವುದಿಲ್ಲ, ಪೀನಟ್ ಬಟರ್ ಆಗುತ್ತದೆ. ದುಕ್ಕಾ ಯಾವತ್ತೂ ಒಣಗಿರಬೇಕು, ತರಿತರಿಯಾಗಿರಬೇಕು. ಬೆರಳಲ್ಲಿ ಹಿಡಿದು ಉದುರಿಸಿದರೆ ಸಲೀಸಾಗಿ ಉದುರಬೇಕು.

ಶೇಂಗಾ ಧಾರಾಳವಾಗಿ ಹಾಕಿ. ಈಜಿಪ್ಟಿನ ಎಷ್ಟೋ ಮನೆಗಳಲ್ಲಿ ಅದನ್ನೇ ಹಾಕುತ್ತಾರೆ. ಹೇಝಲ್‌ನಟ್ ಅಲ್ಲಿಯೂ ಹೊರಗಿನಿಂದ ಬರುವ ದುಬಾರಿ ಮಾಲು. ಇನ್ನೊಂದು ವಿಷಯ ಹೇಳಿದರೆ ನಿಮಗೆ ಆಶ್ಚರ್ಯವಾಗಬಹುದು. ಕೈರೋದಲ್ಲಿ ವರ್ಷಗಟ್ಟಲೆ ಇದ್ದ ಇಂಗ್ಲಿಷ್ ವಿದ್ವಾಂಸ ಎಡ್ವರ್ಡ್ ಲೇನ್ 1836ರಲ್ಲಿ ಅಲ್ಲಿನ ಜನರ ಬದುಕಿನ ಬಗ್ಗೆ ಪುಸ್ತಕ ಪ್ರಕಟಿಸಿದ. ಅದರಲ್ಲಿ ದುಕ್ಕಾದ ಮಾತಿದೆ. ಉಪ್ಪು, ಮೆಣಸು, ಜೊತೆಗೆ ಪುದೀನ ಅಥವಾ ಜೀರಿಗೆ ಅಥವಾ ಕಾಡು ಮರುಗದ ಸೊಪ್ಪು, ಮೇಲೆ ಕೊತ್ತಂಬರಿ ಬೀಜ, ದಾಲ್ಚಿನ್ನಿ, ಎಳ್ಳು, ಕಡಲೆ ಇವುಗಳಲ್ಲಿ ಕೈಗೆ ಸಿಕ್ಕಿದ್ದು. ಹೇಝಲ್‌ನಟ್ಟೂ ಇಲ್ಲ, ಶೇಂಗಾನೂ ಇಲ್ಲ! ಬಡವರು ರೊಟ್ಟಿಗೆ ಹಚ್ಚಿಕೊಳ್ಳುತ್ತಿದ್ದ ಪುಡಿ ಅದು. ಈಗಿನ ಅಂಗಡಿ ಬಾಟಲಿಗಳಲ್ಲಿ ಪಿಸ್ತಾ, ಬಾದಾಮಿ, ಗೋಡಂಬಿ ಅಂತ ಮೆರೆಸುತ್ತಾರೆ. ನನ್ನ ಕೇಳಿದರೆ, ದುಕ್ಕಾದ ರುಚಿ ಕೂತಿರುವುದು ಕೊತ್ತಂಬರಿ, ಜೀರಿಗೆ, ಎಳ್ಳಿನಲ್ಲಿ. ಉಳಿದದ್ದೆಲ್ಲ ನಿಮ್ಮ ಜೇಬು ನೋಡಿಕೊಂಡು.

ಈಗ ಮಾಡುವ ಬಗೆ. ಅರ್ಧ ಕಪ್ ಶೇಂಗಾ, ನಾಲ್ಕು ದೊಡ್ಡ ಚಮಚ ಬಿಳಿ ಎಳ್ಳು, ಮೂರು ದೊಡ್ಡ ಚಮಚ ಕೊತ್ತಂಬರಿ ಬೀಜ, ಒಂದೂವರೆ ದೊಡ್ಡ ಚಮಚ ಜೀರಿಗೆ, ಅರ್ಧ ಸಣ್ಣ ಚಮಚ ಕಾಳುಮೆಣಸು, ಮುಕ್ಕಾಲು ಸಣ್ಣ ಚಮಚ ಉಪ್ಪು. ಎಣ್ಣೆ ಹಾಕದೆ, ಒಂದೊಂದನ್ನೂ ಬೇರೆ ಬೇರೆ ಹುರಿಯಿರಿ. ಶೇಂಗಾಕ್ಕೆ ಸಣ್ಣ ಉರಿಯಲ್ಲಿ ಎಂಟ್ಹತ್ತು ನಿಮಿಷ ಬೇಕು. ಜೀರಿಗೆ ಒಂದು ನಿಮಿಷ ಜಾಸ್ತಿಯಾದರೂ ಸೀದು ಕಹಿಯಾಗುತ್ತದೆ. ಎಳ್ಳು ಚಟಪಟ ಅನ್ನತೊಡಗಿದ ಕೂಡಲೇ ಬಾಣಲೆಯಿಂದ ತಟ್ಟೆಗೆ ಸುರಿಯಿರಿ. ಒಲೆ ಆರಿಸಿ ಸುಮ್ನೆ ಬಿಟ್ಟರೆ ಬಾಣಲೆಯ ಕಾವಿಗೇ ಕಪ್ಪಾಗುತ್ತದೆ.

ಎಲ್ಲವೂ ಪೂರ್ತಿ ಆರಲಿ. ಶೇಂಗಾದ ಸಿಪ್ಪೆಯನ್ನು ಬಟ್ಟೆಯಲ್ಲಿ ಉಜ್ಜಿ ತೆಗೆಯಿರಿ. ಕೊತ್ತಂಬರಿ, ಜೀರಿಗೆ, ಮೆಣಸನ್ನು ಮೊದಲು ಕುಟ್ಟಿ. ಇವು ಸ್ವಲ್ಪ ನುಣ್ಣಗಾದರೂ ಚಿಂತೆಯಿಲ್ಲ, ಆಗಲೇಬೇಕು. ಇಲ್ಲದಿದ್ದರೆ ಕೊತ್ತಂಬರಿಯ ಹೊಟ್ಟು ಹಲ್ಲಿನ ಸಂದಿಗೆ ಸಿಕ್ಕಿ ಜೀವ ತಿನ್ನುತ್ತದೆ. ಆಮೇಲೆ ಶೇಂಗಾ, ಅರ್ಧ ಎಳ್ಳು ಹಾಕಿ ಕುಟ್ಟಿ. ಒರಳೋ ಕುಟ್ಟಾಣಿಯೋ ಇದ್ದರೆ ಬಹಳ ಒಳ್ಳೆಯದು. ಮಿಕ್ಸಿಯೇ ಗತಿಯಾದರೆ ಒಂದೊಂದು ಸೆಕೆಂಡ್ ತಿರುಗಿಸಿ ನಿಲ್ಲಿಸಿ, ನಾಲ್ಕೈದು ಸಲ ಸಾಕು. ಉಳಿದ ಇಡೀ ಎಳ್ಳು, ಉಪ್ಪು ಕೊನೆಗೆ ಬೆರೆಸಿ. ಬೇಕಾದರೆ ಒಣ ಪುದೀನವನ್ನೂ ತಿಕ್ಕಿ ಹಾಕಬಹುದು.

ಅಂದಹಾಗೆ, ಮುದ್ದೆಯಾದದ್ದನ್ನು ಎಸೆಯಬೇಡಿ. ನಿಂಬೆರಸ, ಚೂರು ಬೆಳ್ಳುಳ್ಳಿ, ನೀರು ಸೇರಿಸಿ ತೆಳ್ಳಗೆ ಮಾಡಿದರೆ ಸೌತೆಕಾಯಿ ಹೋಳುಗಳಿಗೆ ಒಳ್ಳೆ ಜೊತೆ.

ಪ್ರಶ್ನೆ: ದುಕ್ಕಾ ಅಂದರೆ ನಮ್ಮ ಶೇಂಗಾ ಚಟ್ನಿಪುಡಿಯೇ ಅಲ್ವಾ? ಅವರು ಅದನ್ನು ಹೇಗೆ ತಿನ್ನುತ್ತಾರೆ?
— ಓದುಗರು, ಬೆಂಗಳೂರು

ಉತ್ತರ: ದೂರದ ನೆಂಟರು ಅನ್ನಬಹುದು. ನಮ್ಮದರಲ್ಲಿ ಒಣಮೆಣಸಿನಕಾಯಿ, ಬೆಳ್ಳುಳ್ಳಿಯ ದರ್ಬಾರು. ದುಕ್ಕಾದಲ್ಲಿ ಬೆಳ್ಳುಳ್ಳಿ ಇರುವುದಿಲ್ಲ, ಖಾರವೂ ಸಾಮಾನ್ಯವಾಗಿ ಕಾಳುಮೆಣಸಿನದು ಮಾತ್ರ. ಹಾಗಾಗಿ ಬಿಸಿ ಅನ್ನಕ್ಕೆ ತುಪ್ಪದ ಜೊತೆ ಕಲಸಿದರೆ ಸಪ್ಪೆ ಅನ್ನಿಸಬಹುದು.

ತಿನ್ನುವಾಗ ಒಂದು ಕ್ರಮವಿದೆ. ರೊಟ್ಟಿಯ ತುಂಡನ್ನು ಮೊದಲು ಎಣ್ಣೆಯಲ್ಲಿ ಅದ್ದಬೇಕು, ಆಮೇಲೆ ಒಣ ಪುಡಿಯಲ್ಲಿ ಒತ್ತಬೇಕು. ನಾವು ಚಟ್ನಿಪುಡಿ ಮೇಲೆ ಎಣ್ಣೆ ಸುರಿದು ಕಲಸುತ್ತೇವಲ್ಲ, ಹಾಗೆ ಮಾಡಿದರೆ ದುಕ್ಕಾದ ಕುರುಕಲುತನ ಹೋಗಿಬಿಡುತ್ತದೆ. ಈಜಿಪ್ಟಿನಲ್ಲಿ ಐಶ್ ಬಲದಿ ಎಂಬ ಗೋಧಿ ರೊಟ್ಟಿ. ಇಲ್ಲಿ ಮೆತ್ತಗಿನ ಜೋಳದ ರೊಟ್ಟಿ, ಗಾಣದ ಶೇಂಗಾ ಎಣ್ಣೆ ಚೆನ್ನಾಗಿ ಹೊಂದುತ್ತವೆ. ಬೇಯಿಸಿದ ಮೊಟ್ಟೆಗೆ ಉದುರಿಸಿಕೊಂಡರೆ ಇನ್ನೂ ರುಚಿ.

ಕೈರೋಗೆ ಹೋಗುವವರಿಗೊಂದು ಕಿವಿಮಾತು. ಅಲ್ಲಿ ಅಕ್ಕಿ, ಬೇಳೆ, ಪಾಸ್ತಾ ಕೂಡಿಸಿದ ‘ಕೊಶರಿ’ ಅಂಗಡಿಯಲ್ಲಿ ಹೆಚ್ಚುಕಡಿಮೆ ಇದೇ ಹೆಸರು ಹೇಳಿದರೆ ಬೆಳ್ಳುಳ್ಳಿ-ವಿನೆಗರ್ ನೀರು ಕೊಡುತ್ತಾರೆ. ಅದು ಬೇರೆಯದೇ ವಸ್ತು.

ಪ್ರಶ್ನೆ: ಎಷ್ಟು ದಿನ ಇಡಬಹುದು? ಅಮೆರಿಕದಲ್ಲಿರುವ ಮೊಮ್ಮಗನ ಶಾಲೆಯ ಡಬ್ಬಿಗೆ ಹಾಕಿ ಕಳಿಸಬಹುದೇ?
— ಓದುಗರು, ಮಂಗಳೂರು

ಉತ್ತರ: ಗಾಳಿಯಾಡದ ಬಾಟಲಿಯಲ್ಲಿ, ಫ್ರಿಜ್‌ನಲ್ಲಿ ಸುಮಾರು ಒಂದು ತಿಂಗಳು. ನಿಮ್ಮ ಕಡೆ ಮಳೆಗಾಲದಲ್ಲಿ ಹೊರಗಿಟ್ಟರೆ ತೇವ ಎಳೆದು ಮೆತ್ತಗಾಗುತ್ತದೆ. ಗೋಡೆಗೆ ಹಚ್ಚುವ ಬಣ್ಣದಂಥ ವಾಸನೆ ಬಂದರೆ ಎಣ್ಣೆ ಕೆಟ್ಟಿದೆ ಎಂದೇ ಅರ್ಥ, ತಿನ್ನಬೇಡಿ.

ಶಾಲೆಯ ಡಬ್ಬಿಗೆ ಮಾತ್ರ ಕೇಳದೆ ಹಾಕಬೇಡಿ. ಪಕ್ಕದಲ್ಲಿ ಕೂತ ಮಗುವಿಗೆ ಅಲರ್ಜಿ ಇದ್ದರೆ ಪ್ರಾಣಕ್ಕೇ ಕುತ್ತು. ಅಲ್ಲಿನ ಎಷ್ಟೋ ಶಾಲೆಗಳು ಶೇಂಗಾ ತರಲು ಬಿಡುವುದಿಲ್ಲ. ಶೇಂಗಾ ಬಿಟ್ಟು ಕುಂಬಳ ಬೀಜ ಹಾಕಿದೆ ಅಂದರೂ ಎಳ್ಳು ಉಳಿಯಿತಲ್ಲ. 2023ರಿಂದ ಅಮೆರಿಕದಲ್ಲಿ ಪ್ಯಾಕೆಟ್ ಆಹಾರದ ಮೇಲೆ ಎಳ್ಳಿನ ಹೆಸರನ್ನೂ ಅಲರ್ಜಿ ಪಟ್ಟಿಯಲ್ಲಿ ಕಡ್ಡಾಯವಾಗಿ ಬರೆಯಬೇಕು. ಮೊದಲು ಮಗಳಿಗೋ ಸೊಸೆಗೋ ಹೇಳಿ, ಅವರು ಶಾಲೆಯಲ್ಲಿ ವಿಚಾರಿಸಲಿ. ಅಲ್ಲಿಯ ತನಕ ಮೊಮ್ಮಗ ಮನೆಯಲ್ಲೇ ತಿನ್ನಲಿ.