ವೈನ್ ಎಲ್ಲಿ ಅಗ್ಗವೋ ಅಲ್ಲಿಗೆ ಸೈಕಲ್ ತಿರುಗಿಸಿ

ಕಳೆದ ಸಂಚಿಕೆಯಲ್ಲಿ ಫ್ರಾನ್ಸಿನ ವೈನ್ ಸೀಮೆ ಬರ್ಗಂಡಿಯ ಬಗ್ಗೆ ನಾಲ್ಕು ಸಾಲು ಬರೆದಿದ್ದೆ. ಅದಕ್ಕೇ ಇಷ್ಟೊಂದು ಪತ್ರ ಬರುತ್ತವೆ ಅಂದುಕೊಂಡಿರಲಿಲ್ಲ. ನಾನಿರುವುದು ಮಾಕೋಂ ಎಂಬ ಊರಿನಲ್ಲಿ, ಸೋನ್ ನದಿಯ ದಂಡೆಯ ಮೇಲೆ. ಉತ್ತರಕ್ಕೆ ಹೊರಟರೆ ಬರ್ಗಂಡಿ, ದಕ್ಷಿಣಕ್ಕೆ ಹೊರಟರೆ ಬೋಜೋಲೇ, ಎರಡೂ ಕಡೆ ದ್ರಾಕ್ಷಿ ಗುಡ್ಡಗಳೇ. ಹಾಗಾಗಿ ಈ ಸಲದ ಪುಟ ಪೂರ್ತಿ ಇಲ್ಲಿ ಸೈಕಲ್ ತುಳಿಯುವ ಬಗ್ಗೆ ನೀವು ಕೇಳಿದ ಪ್ರಶ್ನೆಗಳಿಗೇ.

ಅಕ್ಕಾ, ನಾವು ನಾಲ್ಕು ಜನ ಗೆಳೆಯರು. ಭಾನುವಾರ ಬೆಳಗಾದರೆ ನಂದಿ ಬೆಟ್ಟ ಹತ್ತುವವರು. ಜೂನ್‌ನಲ್ಲಿ ಫ್ರಾನ್ಸಿಗೆ ಬರುತ್ತಿದ್ದೇವೆ. ಡಿಜಾನ್‌ನಿಂದ ಬೋನ್ ಊರಿನವರೆಗೆ ಹೆಸರುವಾಸಿಯಾದ ವೈನ್ ರಸ್ತೆಯಲ್ಲೇ ಹೋಗೋಣ ಅಂತಿದ್ದೇವೆ. ಗಲಾಟೆ ಇಲ್ಲದ ರಸ್ತೆ ಬೇಕು. ಇದು ಸರಿನಾ? (ಬೆಂಗಳೂರು)

ಒಂದು ಬೆಳಗ್ಗೆ ಮಟ್ಟಿಗೆ ಸರಿ. ಅದಕ್ಕಿಂತ ಜಾಸ್ತಿ ಬೇಡ.

ನೀವು ಹೇಳುವ ಆ ರಸ್ತೆಯನ್ನು 1937ರಲ್ಲೇ ಪ್ರವಾಸಿಗರಿಗೆಂದು ಗುರುತು ಹಾಕಿದರು. ಈಗ ಅಲ್ಲಿ ಕಾರುಗಳು ನಿಧಾನಕ್ಕೆ ತೆವಳುತ್ತವೆ, ಫೋಟೋಗೆ ಅಂತ ಎಲ್ಲೆಂದರಲ್ಲಿ ನಿಲ್ಲುತ್ತವೆ. ಪಕ್ಕದ ಡಿ974 ಅಂತೂ ಲಾರಿಗಳ ರಸ್ತೆ. ಅದಕ್ಕೆ ಇಳಿಯಲೇಬೇಡಿ.

ಅಲ್ಲಿನ ನೆಲ ಹೇಗಿದೆ ಅಂತ ತಿಳಿದರೆ ದಾರಿ ನೀವೇ ಹುಡುಕಿಕೊಳ್ಳುತ್ತೀರಿ. ಡಿಜಾನ್‌ನಿಂದ ದಕ್ಷಿಣಕ್ಕೆ ಉದ್ದಕ್ಕೂ ಒಂದು ಇಳಿಜಾರು, ಮುಖ ಪೂರ್ವಕ್ಕೆ. ಕೆಳಗೆ ಬಯಲು. ರೈಲು, ಹೆದ್ದಾರಿ ಎಲ್ಲ ಅಲ್ಲೇ. ಇಳಿಜಾರಿನ ನಡುಭಾಗದಲ್ಲಿ ಬೆಳಗಿನ ಬಿಸಿಲು ಚೆನ್ನಾಗಿ ಬೀಳುತ್ತದೆ, ನೀರು ನಿಲ್ಲುವುದಿಲ್ಲ. ಲಕ್ಷಾಂತರ ಬೆಲೆಯ ವೈನ್ ಆಗುವ ಬಳ್ಳಿ ಇರುವುದು ಅಲ್ಲಿ. ಈ ತುಂಡು ತೋಟಗಳಿಗೆ ಒಂದೊಂದಕ್ಕೂ ಹೆಸರಿದೆ, ಒಟ್ಟು 1,247. ಯುನೆಸ್ಕೋ 2015ರಲ್ಲಿ ಇವನ್ನು ವಿಶ್ವ ಪರಂಪರೆಯ ಪಟ್ಟಿಗೆ ಸೇರಿಸಿತು. ಅವುಗಳ ಮೇಲೆ ಕಾಡು. ಕಾಡು ದಾಟಿ ಹಿಂದಕ್ಕೆ ಹೋದರೆ ಇನ್ನೊಂದು ಎತ್ತರದ ಸೀಮೆ ಸಿಗುತ್ತದೆ, ಓತ್-ಕೋತ್ ಅಂತ. ಅಲ್ಲಿ ಚಳಿ ಹೆಚ್ಚು, ಹಣ್ಣು ತಡವಾಗಿ ಮಾಗುತ್ತದೆ, ವೈನಿನ ಬೆಲೆ ಕಡಿಮೆ. ಬೆಲೆ ಕಡಿಮೆ ಅಂದಮೇಲೆ ಬಸ್ಸು ತುಂಬಿಕೊಂಡು ಯಾರೂ ಬರುವುದಿಲ್ಲ. ನಿಮಗೆ ಬೇಕಾದ ರಸ್ತೆ ಇರುವುದು ಅಲ್ಲಿಯೇ.

ನಾನು ನೆಂಟರನ್ನೆಲ್ಲ ಕರೆದುಕೊಂಡು ಹೋಗುವ ಸುತ್ತು ಇದು. ಬೋನ್‌ನಿಂದ ದಕ್ಷಿಣಕ್ಕೆ ಸಾಂತನೇವರೆಗೆ ದ್ರಾಕ್ಷಿ ತೋಟಗಳ ನಡುವೆ ಸೈಕಲ್ ದಾರಿ ಇದೆ, ಸುಮಾರು 22 ಕಿ.ಮೀ. ತೋಟದವರ ಟ್ರ್ಯಾಕ್ಟರ್ ಬಿಟ್ಟರೆ ಹೆಚ್ಚು ವಾಹನ ಇಲ್ಲ. ಅದರಲ್ಲಿ ಪೊಮ್ಮಾರ್, ವೊಲ್ನೇ ದಾಟಿ ಮರ್ಸೋವರೆಗೆ ಹೋಗಿ. ಅಲ್ಲಿ ದಾರಿ ಬಿಟ್ಟು ಬಲಕ್ಕೆ, ಓಸೆ-ದ್ಯುರೆಸ್ ಕಡೆಯ ಕಣಿವೆಗೆ ತಿರುಗಿ. ಅಲ್ಲಿಂದ ಸ್ಯಾಂ-ರೊಮ್ಯಾಂ. ಊರಿನ ತಲೆಯ ಮೇಲೇ ಸುಣ್ಣಕಲ್ಲಿನ ಬಂಡೆಗೋಡೆ. ಅದರ ಬುಡದಲ್ಲಿ ಏರುತ್ತಾ ಓರ್ಶ್ ಎಂಬ ಹಳ್ಳಿ ಮುಟ್ಟುತ್ತೀರಿ, ಮನೆಗಳು ಬಂಡೆಗೆ ಅಂಟಿಕೊಂಡೇ ಇವೆ. ಏರು ಜೋರಿದೆ, ಆದರೆ ನಂದಿ ಹತ್ತುವವರಿಗೆ ಇದು ತಿಂಡಿಗೆ ಮುಂಚಿನ ಕೆಲಸ.

ಆಮೇಲೆ ಇಳಿಜಾರು. ಬೋಬಿನ್ಯಿ ದಾಟಿದರೆ ಲಾ ರೋಶ್‌ಪೋ, ಬಣ್ಣದ ಹೆಂಚಿನ ಕೋಟೆ ದೂರದಿಂದಲೇ ಕಾಣುತ್ತದೆ. ಇಲ್ಲಿ ದೊಡ್ಡ ರಸ್ತೆಯೊಂದು ಅಡ್ಡ ಬರುತ್ತದೆ. ಸ್ಯಾಂತೊಬ್ಯಾಂವರೆಗಿನ ಆ ಸ್ವಲ್ಪ ದೂರವನ್ನು ಒಬ್ಬರ ಹಿಂದೆ ಒಬ್ಬರು ಸಾಲಾಗಿ, ಮಾತು ನಿಲ್ಲಿಸಿ ಮುಗಿಸಿಬಿಡಿ. ಸ್ಯಾಂತೊಬ್ಯಾಂ ಪಕ್ಕದಲ್ಲೇ ಗಾಮೇ ಅನ್ನುವ ಪುಟ್ಟ ಹಳ್ಳಿ. ಬೋಜೋಲೇ ವೈನ್ ಮಾಡುವ ದ್ರಾಕ್ಷಿಯ ಹೆಸರೂ ಗಾಮೇ. 1395ರಲ್ಲಿ ಬರ್ಗಂಡಿಯ ಡ್ಯೂಕ್ ಎರಡನೇ ಫಿಲಿಪ್ ಅದನ್ನು ಕೆಟ್ಟ, ನಂಬಿಕೆದ್ರೋಹಿ ಗಿಡ ಅಂತ ಬೈದು ಕಿತ್ತೆಸೆಯಲು ಆಜ್ಞೆ ಮಾಡಿದ. ಫಸಲು ಜಾಸ್ತಿ ಕೊಡುತ್ತಿತ್ತು ಪಾಪ, ಅದೇ ಅದರ ತಪ್ಪು! ಅಲ್ಲಿಂದ ಪ್ಯುಲಿನ್ಯಿ-ಮೊಂರಾಶೇಗೆ ಇಳಿದು, ಮತ್ತೆ ಸೈಕಲ್ ದಾರಿ ಹಿಡಿದು ಬೋನ್‌ಗೆ ವಾಪಸ್. ಒಟ್ಟು ಐವತ್ತು ಕಿ.ಮೀ. ಆಸುಪಾಸು.

ಫೋನ್ ತೋರಿಸುವ ದಾರಿಯನ್ನು ಇಲ್ಲಿ ನಾನು ನಂಬುವುದಿಲ್ಲ. ಹತ್ತಿರದ ದಾರಿ ಅಂತ ದೊಡ್ಡ ರಸ್ತೆಗೇ ತಳ್ಳುತ್ತದೆ. ಮಿಶೆಲಿನ್ ಕಾಗದದ ನಕ್ಷೆ ಕೊಳ್ಳಿ. ಅದರಲ್ಲಿ ಕೆಂಪು ಅಂದರೆ ದೊಡ್ಡ ರಸ್ತೆ, ಹಳದಿ ಅಂದರೆ ನಡುಗಾತ್ರದ್ದು, ಬಿಳಿ ಅಂದರೆ ಹಳ್ಳಿಯಿಂದ ಹಳ್ಳಿಗೆ ಹೋಗುವ ಸಣ್ಣದು. ಬಿಳಿ ಗೆರೆಗಳನ್ನೇ ಜೋಡಿಸುತ್ತಾ ಹೋಗಿ. ಅಂಚಿನಲ್ಲಿ ಹಸಿರು ಬಳಿದಿದ್ದರೆ ನೋಟ ಚೆನ್ನಾಗಿದೆ ಅಂತ ಅರ್ಥ.

ನಮ್ಮ ತಂದೆಗೆ 62 ವರ್ಷ. ಊರಲ್ಲಿ ದಿನಾ ಸೈಕಲ್ ತುಳಿಯುತ್ತಾರೆ, ಆದರೆ ಏರು ಬೇಡ ಅನ್ನುತ್ತಾರೆ. ಗುಡ್ಡದ ಸೀಮೆ ಅಂದರೆ ಅವರನ್ನು ಕರೆತರುವುದು ಕಷ್ಟ ಅಲ್ವಾ? (ಹುಬ್ಬಳ್ಳಿ)

ಕಷ್ಟವೇನಿಲ್ಲ, ಕರೆದುಕೊಂಡು ಬನ್ನಿ. ಜೀವ್ರಿಯಿಂದ ಕ್ಲೂನಿಗೆ ಹಳೇ ರೈಲುದಾರಿಯೊಂದು ಇತ್ತು. ರೈಲು ನಿಂತಮೇಲೆ ಹಳಿ ಕಿತ್ತು, ಡಾಂಬರು ಹಾಕಿ, 1997ರಲ್ಲಿ ಸೈಕಲ್ಲಿಗೆ ಬಿಟ್ಟುಕೊಟ್ಟರು. 44 ಕಿ.ಮೀ. ಫ್ರಾನ್ಸಿನಲ್ಲಿ ಇಂಥ ದಾರಿಗಳಿಗೆ ಹಸಿರು ದಾರಿ ಅನ್ನುತ್ತಾರೆ, ಈ ಹೆಸರಿನದು ಮೊದಲು ಆಗಿದ್ದು ಇಲ್ಲೇ. ರೈಲು ಹತ್ತಲು ಆಗುವಷ್ಟೇ ಏರು ಇರುವುದರಿಂದ ಅಪ್ಪನಿಗೆ ಅದು ಗೊತ್ತೂ ಆಗುವುದಿಲ್ಲ. ಗುಡ್ಡ ಎರಡೂ ಕಡೆ ನೋಡಲು ಸಿಗುತ್ತದೆ, ಹತ್ತಬೇಕಿಲ್ಲ.

ನಿಮಗೆ ಕಾಲು ಕೆರೆಯುತ್ತಿದ್ದರೆ ಅಪ್ಪನನ್ನು ಕೊರ್ಮಾತ್ಯಾಂ ಕೋಟೆಯ ತೋಟದಲ್ಲಿ ಬಿಟ್ಟು ನೀವು ಪೂರ್ವಕ್ಕೆ ಹೊರಡಿ. ಶಪೇಜ್‌ನಲ್ಲಿ ಹನ್ನೊಂದನೇ ಶತಮಾನದ ಚರ್ಚಿದೆ, ಅದರ ಎತ್ತರದ ಗೋಪುರ ಹೊಲದ ನಡುವೆ ಒಂಟಿಯಾಗಿ ನಿಂತ ಹಾಗೆ ಕಾಣುತ್ತದೆ. ಮುಂದೆ ಬ್ರಾಂಸಿಯೋಂ, ಗುಡ್ಡದ ನೆತ್ತಿಯ ಹಳೇ ಊರು, ಕಾರುಗಳು ಊರ ಹೊರಗೇ ನಿಲ್ಲುತ್ತವೆ. ಕ್ಲೂನಿಯಿಂದ ಮಾಕೋಂ ಕಡೆಗೂ ಹಸಿರು ದಾರಿ ಮುಂದುವರಿಯುತ್ತದೆ. ನಡುವೆ ಬ್ವಾ ಕ್ಲೇರ್ ಸುರಂಗ, 1.6 ಕಿ.ಮೀ. ಉದ್ದ. ಬೇಸಿಗೆಯಲ್ಲೂ ಒಳಗೆ ಚಳಿ, ಅಪ್ಪನಿಗೆ ಸ್ವೆಟರ್ ಇರಲಿ. ಚಳಿಗಾಲದಲ್ಲಿ ಬಾವಲಿಗಳು ಮಲಗುತ್ತವೆ ಅಂತ ಸುರಂಗ ಮುಚ್ಚುತ್ತಾರೆ. ಆಗ ಮೇಲಿನ ಗುಡ್ಡ ಹತ್ತಿಯೇ ದಾಟಬೇಕು. ಅಪ್ಪನ ಜೊತೆ ಬರುವುದಾದರೆ ಬೇಸಿಗೆಯಲ್ಲೇ ಬನ್ನಿ.

ನಾವು ಕುಡಿಯುವವರಲ್ಲ, ಮಾಂಸವೂ ತಿನ್ನುವುದಿಲ್ಲ. ವೈನ್ ಸೀಮೆಗೆ ಹೋಗಿ ಏನು ಮಾಡುವುದು ಅಂತ ಮನೆಯಲ್ಲಿ ನಗುತ್ತಿದ್ದಾರೆ. (ಶಿವಮೊಗ್ಗ)

ನಗಲಿ ಬಿಡಿ. ಕಾಫಿ ಕುಡಿಯದವರು ಚಿಕ್ಕಮಗಳೂರಿಗೆ ಹೋಗುವುದಿಲ್ವಾ?

ಅಂದಹಾಗೆ ಕುಡಿಯುವವರಿಗೂ ಒಂದು ಮಾತು. ರಕ್ತದಲ್ಲಿ ಲೀಟರಿಗೆ 0.5 ಗ್ರಾಂ ಮದ್ಯ ಎಂಬ ಮಿತಿ ಇಲ್ಲಿ ಸೈಕಲ್ ಸವಾರರಿಗೂ ಇದೆ. ರುಚಿ ನೋಡಿ ಉಗುಳಲು ವೈನ್ ಇಡುವ ನೆಲಮಾಳಿಗೆಗಳಲ್ಲಿ ಪಾತ್ರೆ ಇಟ್ಟಿರುತ್ತಾರೆ. ಉಗುಳಿದರೆ ಯಾರೂ ಬೇಜಾರು ಮಾಡಿಕೊಳ್ಳುವುದಿಲ್ಲ.

ಊಟದ ವಿಷಯ ಸ್ವಲ್ಪ ಗಮನ ಇಡಿ. ಲಿಯಾನ್ ಸಲಾಡ್, ಕೀಶ್ ಲೊರೇನ್ ಎರಡರಲ್ಲೂ ಹಂದಿ ಮಾಂಸದ ಚೂರು ಇರುತ್ತದೆ. ಬಿಸಿ ಮೇಕೆ ಚೀಸ್ ಹಾಕಿದ ಸಲಾಡ್ ಕೇಳಿದರೂ ಎಷ್ಟೋ ಕಡೆ ಅದನ್ನೇ ಉದುರಿಸಿ ತರುತ್ತಾರೆ. ಸುಮ್ನೆ 'ವೆಜಿಟೇರಿಯನ್' ಅಂದರೆ ಹಳ್ಳಿ ಹೋಟೆಲಿನವರು ಮೀನು ತರಬಹುದು. 'ಸಾಂ ವಿಯಾಂದ್, ಸಾಂ ಪ್ವಾಸೋಂ, ಸಾಂ ಲಾರ್ದೋಂ' ಅನ್ನಿ. ಮಾಂಸ ಬೇಡ, ಮೀನು ಬೇಡ, ಹಂದಿ ಚೂರು ಬೇಡ, ಮೂರೂ ಮುಗಿಯಿತು. ಚೀಸ್ ಹೆಪ್ಪಾಗಲು ಕರುವಿನ ಹೊಟ್ಟೆಯ ರೆನೆಟ್ ಹಾಕುವುದು ಇಲ್ಲಿನ ಹಳೇ ಪದ್ಧತಿ. ಅದನ್ನೂ ಬಿಡುವವರಾದರೆ ಕೊಳ್ಳುವ ಮೊದಲು ಕೇಳಿ.

ನನ್ನ ಮಟ್ಟಿಗೆ ಹೋಟೆಲ್ ಊಟಕ್ಕಿಂತ ಬೇಕರಿ ಬ್ರೆಡ್ಡು, ಟೊಮೆಟೊ, ಹಣ್ಣು ಚೀಲದಲ್ಲಿ ಹಾಕಿಕೊಂಡು ಹೋಗುವುದೇ ಮೇಲು. ಜೊತೆಗೆ ಚಟ್ನಿಪುಡಿ. ಆದರೆ ಹನ್ನೆರಡು ಗಂಟೆಯೊಳಗೆ ಕೊಂಡುಬಿಡಿ. ಹನ್ನೆರಡರಿಂದ ಎರಡರವರೆಗೆ ಹಳ್ಳಿ ಅಂಗಡಿಗಳ ಬಾಗಿಲು ಹಾಕಿರುತ್ತದೆ. ಸೋಮವಾರ ಎಷ್ಟೋ ಬೇಕರಿಗಳಿಗೂ ರಜೆ.

ನೀರಿಗೆ ಸ್ಮಶಾನಕ್ಕೆ ಹೋಗಿ. ತಮಾಷೆ ಅಲ್ಲ. ಹೂಗಿಡಗಳಿಗೆ ಅಂತ ಇಲ್ಲಿನ ಹೆಚ್ಚಿನ ಹಳ್ಳಿ ಸ್ಮಶಾನಗಳಲ್ಲಿ ನಲ್ಲಿ ಇರುತ್ತದೆ, ಸೈಕಲ್ಲಿನವರೆಲ್ಲ ಬಾಟಲಿ ತುಂಬಿಕೊಳ್ಳುವುದು ಅಲ್ಲೇ. 'ನೋಂ ಪೊತಾಬ್ಲ್' ಅಂತ ಬರೆದಿದ್ದರೆ ಮಾತ್ರ ಕುಡಿಯಬೇಡಿ.

ನಾನು ಲಿಯಾನ್‌ನಲ್ಲಿ ಓದುತ್ತಿದ್ದೇನೆ. ಶನಿವಾರ ಒಂದೇ ದಿನ ರಜೆ. ಚೆನ್ನಾಗಿ ಏರು ಇರುವ ದಾರಿ ಹೇಳಿ ಅಕ್ಕಾ. (ಮಂಡ್ಯದ ಹುಡುಗ)

ನಿಮಗೆ ಬೋಜೋಲೇ. ಬೆಳಗಿನ ಟಿ.ಇ.ಆರ್. ಎಂಬ ಪ್ರಾದೇಶಿಕ ರೈಲಿಗೆ ಸೈಕಲ್ ಏರಿಸಿ ಬೆಲ್‌ವಿಲ್‌ನಲ್ಲಿ ಇಳಿಯಿರಿ. ಮೈ ಬಿಸಿಯಾಗಲಿ ಅಂತ ಮೊದಲು ಬ್ರೂಯಿ ಗುಡ್ಡ. ಬಯಲಿನಲ್ಲಿ ಒಂಟಿಯಾಗಿ ನಿಂತಿದೆ, ಎತ್ತರ 484 ಮೀಟರ್. ಕೊನೆಯ 3 ಕಿ.ಮೀ. ಏರು ಸರಾಸರಿ ಶೇ. 8ರ ಹತ್ತಿರ. ನಂದಿಗಿಂತ ಗಿಡ್ಡ, ಆದರೆ ಬಿಡುವು ಕೊಡುವುದಿಲ್ಲ. ಪಾರಿ-ನೀಸ್ ಎಂಬ ಹಲವು ದಿನಗಳ ಸೈಕಲ್ ರೇಸಿನ ಒಂದು ದಿನದ ಓಟವನ್ನು 2016ರಲ್ಲಿ ಈ ಗುಡ್ಡದ ಮೇಲೆ ಮುಗಿಸಬೇಕೆಂದಿದ್ದ ದಿನ ಹಿಮ ಬಿದ್ದು ಅರ್ಧಕ್ಕೇ ನಿಂತಿತು. ಮರುವರ್ಷ ಇಲ್ಲೇ ಟೈಮ್ ಟ್ರಯಲ್ (ಒಬ್ಬೊಬ್ಬರೇ ಗಡಿಯಾರದ ಎದುರು ಓಡುವ ಸ್ಪರ್ಧೆ) ಇಟ್ಟರು, ಜೂಲಿಯನ್ ಅಲಾಫಿಲಿಪ್ ಗೆದ್ದರು. ತುದಿಯಲ್ಲಿ ದ್ರಾಕ್ಷಿ ಮಾತೆಯ ಗುಡಿ ಇದೆ. ಹತ್ತೊಂಬತ್ತನೇ ಶತಮಾನದಲ್ಲಿ ಬಳ್ಳಿಗೆ ಬೂದಿರೋಗ ಬಂದಾಗ ರೈತರು ಹರಕೆ ಹೊತ್ತು ಕಟ್ಟಿಸಿದ್ದು. ನಮ್ಮೂರ ಮಾರಮ್ಮನ ಗುಡಿ ನೆನಪಾಗಬೇಕು ನಿಮಗೆ.

ಇಳಿದು ಉತ್ತರಕ್ಕೆ ಫ್ಲರಿ, ಅಲ್ಲಿಂದ ಶಿರೂಬ್ಲ್. ಬೋಜೋಲೇಯ ಹೆಸರಾಂತ ಹತ್ತು ಸೀಮೆಗಳಲ್ಲಿ ಎಲ್ಲಕ್ಕಿಂತ ಎತ್ತರದ್ದು ಇದೇ. ಊರು ದಾಟಿದ ಮೇಲೂ ಏರು ನಿಲ್ಲುವುದಿಲ್ಲ. ತೋಟ ಮುಗಿದು ಕಾಡು ಶುರುವಾಗುವ ಹೊತ್ತಿಗೆ ಹಿಂದಿರುಗಿ ನೋಡಿ. ಕೆಳಗೆ ಸೋನ್ ಬಯಲು, ಆಚೆ ದೂರದಲ್ಲಿ ಆಲ್ಪ್ಸ್. ಗಾಳಿ ತಿಳಿಯಾಗಿದ್ದರೆ ಮೊಂ ಬ್ಲಾಂ ಶಿಖರ ಕೂಡ ಕಾಣುತ್ತದೆ. ಆದರೆ ಅಷ್ಟು ಹತ್ತಿರ ಕಂಡರೆ ಸದ್ಯದಲ್ಲೇ ಮಳೆ ಅಂತ ಇಲ್ಲಿನವರ ಲೆಕ್ಕ. ಫ್ಯೂ ದಾವೆನಾ ಕಣಿವೆಬಾಗಿಲು ದಾಟಿದರೆ ಅವೆನಾ ಹಳ್ಳಿ, ಆಮೇಲೆ ಕಾಡಿನ ನಡುವೆ ಬೋಜೋ ಎಂಬ ಊರಿನವರೆಗೆ ಇಳಿಜಾರು. ಬ್ರೇಕ್ ನೋಡಿಕೊಂಡು ಹೊರಡಿ. ಬೋಜೋದಿಂದ ಬೆಲ್‌ವಿಲ್ ಕಡೆಗೆ ಮತ್ತೊಂದು ಹಳೇ ರೈಲುದಾರಿ, ಸುಸ್ತಾದ ಕಾಲಿಗೆ ಹೇಳಿ ಮಾಡಿಸಿದ್ದು. ಹಿಂದಿನ ಗೇರ್ ದೊಡ್ಡದಿರಲಿ, 32 ಹಲ್ಲು ಇದ್ದರೆ ಮೊಣಕಾಲು ಉಳಿಯುತ್ತದೆ.

ಅಲ್ಲಿ ರಸ್ತೆ ನಿಯಮ ಏನು ಬೇರೆ? (ಮೈಸೂರು)

ಬಲಗಡೆ ಓಡಿಸಬೇಕು, ಅದು ಒಂದು ಗಂಟೆಯಲ್ಲಿ ರೂಢಿಯಾಗುತ್ತದೆ. ರೂಢಿಯಾಗದ್ದು ಇನ್ನೊಂದು. ಹಳ್ಳಿಯೊಳಗೆ ಯಾವ ಫಲಕವೂ ಇಲ್ಲದ ಕೂಡುರಸ್ತೆಯಲ್ಲಿ ಬಲಗಡೆಯಿಂದ ಬರುವವರಿಗೇ ಮೊದಲ ಹಕ್ಕು. ನೀವು ದೊಡ್ಡ ರಸ್ತೆಯಲ್ಲಿದ್ದೀರಿ, ಅವರು ಓಣಿಯಿಂದ ಬರುತ್ತಿದ್ದಾರೆ ಅಂದುಕೊಂಡು ನುಗ್ಗಬೇಡಿ. ಅಜ್ಜ ಒಬ್ಬರು ಹಳೇ ಕಾರಿನಲ್ಲಿ ಆಚೀಚೆ ನೋಡದೆ ಬಂದೇಬಿಡುತ್ತಾರೆ, ಕಾನೂನು ಅವರ ಕಡೆ ಇದೆ.

ಕಿವಿಗೆ ಇಯರ್‌ಫೋನ್ ಹಾಕುವಂತಿಲ್ಲ, 135 ಯೂರೋ ದಂಡ. ಊರ ಹೊರಗೆ ರಾತ್ರಿ ಅಥವಾ ಮಂಜಿನಲ್ಲಿ ಹೊಳೆಯುವ ಜಾಕೆಟ್ ಕಡ್ಡಾಯ. ಊರ ಹೊರಗೆ ನಿಮ್ಮನ್ನು ಹಿಂದಿಕ್ಕುವ ಕಾರು ಒಂದೂವರೆ ಮೀಟರ್ ದೂರ ಬಿಡಬೇಕು, ಹೆಚ್ಚಿನವರು ಬಿಡುತ್ತಾರೆ. ಹಾರ್ನ್ ಕೇಳಿದರೆ ಮಾತ್ರ ಗಾಬರಿಯಾಗಿ, ಇಲ್ಲಿ ಅದು ನಿಜವಾಗಲೂ ಏನೋ ಇದೆ ಅಂತಲೇ ಅರ್ಥ.

ಯಾವ ತಿಂಗಳು ಬರಬೇಕು? ರೈಲಿನಲ್ಲಿ ಸೈಕಲ್ ಬಿಡುತ್ತಾರಾ? (ದಾವಣಗೆರೆ)

ಮೇ ಕೊನೆ, ಜೂನ್ ನನಗೆ ಇಷ್ಟ. ರಾತ್ರಿ ಒಂಬತ್ತಾದರೂ ಬೆಳಕಿರುತ್ತದೆ. ಜುಲೈ, ಆಗಸ್ಟ್ ಮಧ್ಯಾಹ್ನಗಳಲ್ಲಿ ನೆರಳಿಲ್ಲದ ತೋಟದ ದಾರಿ ಕಾದ ಹಂಚು. ಸೆಪ್ಟೆಂಬರ್ ಕೊಯ್ಲಿನ ಕಾಲ. ನೋಡಲು ಚೆಂದ, ಆದರೆ ಬಳ್ಳಿಸಾಲಿನ ಮೇಲೆ ಕಾಲು ಚಾಚಿ ಓಡುವ ಎತ್ತರದ ಟ್ರ್ಯಾಕ್ಟರ್‌ಗಳು ಸಣ್ಣ ರಸ್ತೆ ಪೂರ್ತಿ ತುಂಬಿಕೊಂಡು ಬರುತ್ತವೆ. ಮಳೆ ಬಿದ್ದರೆ ಅವುಗಳ ಚಕ್ರದ ಮಣ್ಣು ತಿರುವಿನಲ್ಲಿ ಸೋಪಿನಂತೆ ಜಾರುತ್ತದೆ. ಆಗ ಬರುವವರು 28 ಮಿ.ಮೀ. ಟೈರ್ ಹಾಕಿಸಿ. ತೆಳು ಟೈರ್ ಬೇಡ.

ಡಿಜಾನ್, ಬೋನ್, ಶಾಲೋಂ, ತುರ್ನ್ಯು, ಮಾಕೋಂ, ಬೆಲ್‌ವಿಲ್, ಲಿಯಾನ್ ಎಲ್ಲ ಒಂದೇ ಟಿ.ಇ.ಆರ್. ಮಾರ್ಗದಲ್ಲಿವೆ. ಸೈಕಲ್ಲಿಗೆ ಸಾಮಾನ್ಯವಾಗಿ ದುಡ್ಡಿಲ್ಲ, ಜಾಗ ಇರಬೇಕಷ್ಟೆ. ಪ್ಯಾರಿಸ್‌ನಿಂದ ಅತಿವೇಗದ ಟಿ.ಜಿ.ವಿ. ರೈಲಿನಲ್ಲಿ ಬರುವವರು ಚಕ್ರ ಬಿಚ್ಚಿ 130 ಸೆಂ.ಮೀ. ಉದ್ದ, 90 ಸೆಂ.ಮೀ. ಅಗಲದೊಳಗಿನ ಚೀಲಕ್ಕೆ ಹಾಕಿದರೆ ಅದು ಲಗೇಜ್ ಲೆಕ್ಕ. ಈ ಕಣಿವೆಯಲ್ಲಿ ಗಾಳಿ ಉತ್ತರದಿಂದ ಇಲ್ಲವೇ ದಕ್ಷಿಣದಿಂದ ಬೀಸುತ್ತದೆ. ಬೆಳಗ್ಗೆ ಎದ್ದು ಮರದ ಎಲೆ ನೋಡಿ. ಉತ್ತರದ ಗಾಳಿ ಇದ್ದರೆ ರೈಲಿನಲ್ಲಿ ಬೋನ್‌ಗೆ ಹೋಗಿ ಮಾಕೋಂ ಕಡೆಗೆ ತುಳಿಯಿರಿ. ದಕ್ಷಿಣದ್ದಾದರೆ ಅದನ್ನೇ ತಿರುವುಮುರುವು ಮಾಡಿ. ಟಿಕೆಟ್ ಮಾತ್ರ ಹಿಂದಿನ ದಿನವೇ ಕೊಂಡುಬಿಡಬೇಡಿ.