ಸಂಪಾದಕರ ಉತ್ತರ: ಕಾಣಿಕೆ ಡಬ್ಬಿಯ ಮೇಲಿನ ಬರಹ

ಮಾನ್ಯರೇ,

ಹಾವೇರಿ ಜಿಲ್ಲೆಯ ಸ್ವತಂತ್ರ ಕ್ರೈಸ್ತ ಸಭೆಯೊಂದರ ಖಜಾಂಚಿಯಾಗಿ ತಾವು ಬರೆದ ನಾಲ್ಕು ಪುಟಗಳ ಪತ್ರ ನಮಗೆ ತಲುಪಿದೆ. ಊರು ಮತ್ತು ಹೆಸರನ್ನು ಪ್ರಕಟಿಸಬಾರದೆಂಬ ತಮ್ಮ ಕೋರಿಕೆಯನ್ನು ಪಾಲಿಸಿದ್ದೇವೆ. ಪತ್ರವನ್ನು ಓದದ ಇತರರಿಗಾಗಿ ಅದರ ತಿರುಳನ್ನು ಇಲ್ಲಿ ಹೇಳುತ್ತೇನೆ. ತಮ್ಮ ಸಭೆಯೂ ಅದು ನಡೆಸುವ ಹಿರಿಯ ಪ್ರಾಥಮಿಕ ಶಾಲೆಯೂ ಒಂದೇ ಟ್ರಸ್ಟಿನ ಅಡಿಯಲ್ಲಿವೆ. ಹೊಸ ಆದಾಯ ತೆರಿಗೆ ಕಾಯ್ದೆ ಬಂದ ಮೇಲೆ ಹೆಸರಿಲ್ಲದ ಕಾಣಿಕೆಗೆಲ್ಲ ಶೇ 30ರಷ್ಟು ತೆರಿಗೆ ಬೀಳುತ್ತದೆ ಎಂಬ ಸುದ್ದಿ ಸಭೆಯಲ್ಲಿ ಹರಡಿದೆ. ತೆರಿಗೆ ವಿನಾಯಿತಿಗಾಗಿ ಆದಾಯ ತೆರಿಗೆ ಇಲಾಖೆಯಲ್ಲಿ ಮಾಡಿಸಿದ್ದ ಟ್ರಸ್ಟಿನ ನೋಂದಣಿಯ ನವೀಕರಣಕ್ಕೆ ಅರ್ಜಿ ಹಾಕುವ ಗಡುವು ತಪ್ಪಿಹೋಗಿದೆ. ಜರ್ಮನಿಯಲ್ಲಿ ನರ್ಸ್ ಆಗಿರುವ ತಮ್ಮೂರಿನ ಹೆಣ್ಣುಮಗಳೊಬ್ಬರು ಶಾಲೆಗೆಂದು ಹಣ ಕಳಿಸಲು ಮುಂದಾಗಿದ್ದು, ಅದನ್ನು ಪಡೆಯಬಹುದೇ ಎಂಬುದು ಯಾರಿಗೂ ತಿಳಿಯುತ್ತಿಲ್ಲ. ಇಷ್ಟನ್ನು ವಿವರಿಸಿ, ಕೊನೆಯಲ್ಲಿ ‘ಇದು ನಮ್ಮಂಥವರನ್ನು ಮುಚ್ಚಿಸುವುದಕ್ಕೆ ಮಾಡಿದ ಕಾನೂನೇ?’ ಎಂದು ಕೇಳಿದ್ದೀರಿ.

ಮೊದಲು ಕಾಣಿಕೆಯ ವಿಷಯ. ತಮ್ಮ ಕಿವಿಗೆ ಬಿದ್ದ ಸುದ್ದಿ ಪೂರ್ತಿ ಸುಳ್ಳಲ್ಲ. ಅರ್ಧ ದಾರಿಯಲ್ಲಿ ನಿಂತುಹೋದ ಸುದ್ದಿ. 2025ರ ಫೆಬ್ರವರಿ 13ರಂದು ಲೋಕಸಭೆಯಲ್ಲಿ ಮಂಡನೆಯಾದ ಆದಾಯ ತೆರಿಗೆ ಮಸೂದೆಯ ಮೊದಲ ಕರಡಿನಲ್ಲಿ, ಅನಾಮಧೇಯ ದೇಣಿಗೆಯ ಮೇಲಿನ ತೆರಿಗೆಯಿಂದ ಪೂರ್ತಿ ವಿನಾಯಿತಿ ಇದ್ದದ್ದು ಕೇವಲ ಧಾರ್ಮಿಕ ಉದ್ದೇಶಕ್ಕೆಂದೇ ಸ್ಥಾಪನೆಯಾದ ಸಂಸ್ಥೆಗಳಿಗೆ ಮಾತ್ರ. ಆರಾಧನೆಯ ಜೊತೆಗೆ ಶಾಲೆಯನ್ನೋ ಆಸ್ಪತ್ರೆಯನ್ನೋ ಅನಾಥಾಲಯವನ್ನೋ ನಡೆಸುವ ಮಿಶ್ರ ಸ್ವರೂಪದ ಟ್ರಸ್ಟುಗಳಿಗೆ 1961ರ ಹಳೆಯ ಆದಾಯ ತೆರಿಗೆ ಕಾಯ್ದೆಯಲ್ಲಿ ಇದ್ದ ರಕ್ಷಣೆ ಆ ಕರಡಿನಲ್ಲಿ ಬಿಟ್ಟುಹೋಗಿತ್ತು. ನಮ್ಮ ನಾಡಿನಲ್ಲಿ ಮಠವಾಗಲಿ, ದರ್ಗಾ ಆಗಲಿ, ಚರ್ಚಾಗಲಿ, ಅನ್ನ ಮತ್ತು ಅಕ್ಷರದ ಕೆಲಸವನ್ನು ಪೂಜೆಯಿಂದ ಬೇರೆಯೆಂದು ಎಂದೂ ಎಣಿಸಿದ್ದಿಲ್ಲವಾದ್ದರಿಂದ, ಕರಡು ಹಾಗೆಯೇ ಕಾನೂನಾಗಿದ್ದರೆ ತೊಂದರೆಗೆ ಸಿಲುಕುತ್ತಿದ್ದವರು ಬಹಳ ಮಂದಿ. ಮಸೂದೆಯನ್ನು ಪರಿಶೀಲಿಸಿದ, ಸಂಸದ ಬೈಜಯಂತ್ ಪಾಂಡಾ ಅವರ ಅಧ್ಯಕ್ಷತೆಯ ಲೋಕಸಭೆಯ ಆಯ್ಕೆ ಸಮಿತಿ ಜುಲೈನಲ್ಲಿ ಸಲ್ಲಿಸಿದ ವರದಿಯಲ್ಲಿ ಈ ಲೋಪವನ್ನು ಎತ್ತಿ ತೋರಿಸಿತು. ಸರ್ಕಾರ ಹಳೆಯ ಮಸೂದೆಯನ್ನು ಹಿಂತೆಗೆದುಕೊಂಡು ಆಗಸ್ಟ್ 11ರಂದು ಪರಿಷ್ಕೃತ ಮಸೂದೆ ತಂದಾಗ ಆ ರಕ್ಷಣೆ ಮರಳಿ ಬಂದಿತ್ತು. ಆಗಸ್ಟ್ 21ರಂದು ರಾಷ್ಟ್ರಪತಿಗಳ ಅಂಕಿತ ಪಡೆದು, 2026ರ ಏಪ್ರಿಲ್ 1ರಿಂದ ಜಾರಿಗೆ ಬಂದಿರುವುದು ಈ ಪರಿಷ್ಕೃತ ರೂಪವೇ. ಆದ್ದರಿಂದ ಭಾನುವಾರದ ಆರಾಧನೆಯಲ್ಲಿ ಚೀಲಕ್ಕೆ ಬೀಳುವ ಕಾಣಿಕೆಗೂ ಬಾಗಿಲ ಬಳಿಯ ಡಬ್ಬಿಗೂ ಕೊಟ್ಟವರ ಹೆಸರು ಕೇಳಬೇಕಾಗಿಲ್ಲ. ಕೇಳದಿರುವುದೇ ಸಭೆಯ ಪದ್ಧತಿಯೆಂದು ತಾವು ಬರೆದಿದ್ದೀರಿ. ಆ ಪದ್ಧತಿಗೆ ಕಾನೂನಿನಿಂದ ಭಂಗ ಬಂದಿಲ್ಲ.

ಆದರೆ ಇಲ್ಲಿಯೇ ತಾವು ಗಮನಿಸಬೇಕಾದ ಒಂದು ಸೂಕ್ಷ್ಮವಿದೆ, ಮತ್ತು ಈ ಉತ್ತರವನ್ನು ಇಷ್ಟು ದೀರ್ಘವಾಗಿ ಬರೆಯಲು ಅದೇ ಮುಖ್ಯ ಕಾರಣ. ಮಿಶ್ರ ಟ್ರಸ್ಟಿಗೆ ಇರುವ ಈ ರಕ್ಷಣೆ, ಆ ಟ್ರಸ್ಟು ನಡೆಸುವ ಶಾಲೆ ಕಾಲೇಜಿಗೋ ಆಸ್ಪತ್ರೆಗೋ ಎಂದು ನಿರ್ದಿಷ್ಟವಾಗಿ ಸೂಚಿಸಿ ಕೊಟ್ಟ ಹೆಸರಿಲ್ಲದ ಹಣಕ್ಕೆ ಅನ್ವಯಿಸುವುದಿಲ್ಲ. ಹಳೆಯ ಕಾಯ್ದೆಯಲ್ಲೂ ಹೀಗೆಯೇ ಇತ್ತು; ನಮ್ಮಲ್ಲಿ ಅನೇಕರು ಅದನ್ನು ಗಮನಿಸಿರಲಿಲ್ಲ. ತಮ್ಮ ಶಾಲಾ ವಾರ್ಷಿಕೋತ್ಸವದ ದಿನ ‘ಶಾಲಾ ಕಟ್ಟಡ ನಿಧಿ’ ಎಂದು ಬರೆದ ಡಬ್ಬಿಯೊಂದನ್ನು ವೇದಿಕೆಯ ಮುಂದೆ ಇಡುತ್ತೀರೆಂದೂ, ಸುಗ್ಗಿ ಹಬ್ಬದ ಏಲಂನಲ್ಲಿ ಬಂದ ಹಣದ ಒಂದು ಭಾಗವನ್ನು ಅದಕ್ಕೆ ಸೇರಿಸುತ್ತೀರೆಂದೂ ಪತ್ರದಲ್ಲಿ ಹೇಳಿದ್ದೀರಿ. ಸಭೆಯ ಬಾಗಿಲ ಡಬ್ಬಿಯೂ ವೇದಿಕೆಯ ಮುಂದಿನ ಡಬ್ಬಿಯೂ ಒಂದೇ ಟ್ರಸ್ಟಿನವಾಗಿದ್ದರೂ, ಒಂದೇ ಕುಟುಂಬದವರು ಎರಡಕ್ಕೂ ಹಣ ಹಾಕಿದರೂ, ಎರಡನೆಯದರ ಮೇಲಿನ ಬರಹವೇ ಅದನ್ನು ತೆರಿಗೆಯ ಲೆಕ್ಕದೊಳಕ್ಕೆ ಎಳೆಯುತ್ತದೆ.

ಆಗಲೂ ಇಡೀ ಮೊತ್ತಕ್ಕೆ ತೆರಿಗೆಯಿಲ್ಲ. ಒಟ್ಟು ದೇಣಿಗೆಯ ಶೇ 5 ಅಥವಾ 1 ಲಕ್ಷ ರೂಪಾಯಿ, ಇವೆರಡರಲ್ಲಿ ಯಾವುದು ಹೆಚ್ಚೋ ಅಷ್ಟನ್ನು ಬಿಟ್ಟು, ಮಿಕ್ಕ ಅನಾಮಧೇಯ ಮೊತ್ತದ ಮೇಲೆ ಮಾತ್ರ ಶೇ 30. ವರ್ಷಕ್ಕೆ 12 ಲಕ್ಷ ರೂಪಾಯಿ ದೇಣಿಗೆ ಬರುವ ಟ್ರಸ್ಟಿಗೆ ಶೇ 5 ಎಂದರೆ 60,000. ಹಾಗಾಗಿ 1 ಲಕ್ಷವೇ ಮಿತಿಯಾಗುತ್ತದೆ. ಶಾಲೆಗೆಂದು ಬಂದ ಹೆಸರಿಲ್ಲದ ಹಣ 1,60,000 ಇದ್ದರೆ 60,000ಕ್ಕೆ ಶೇ 30ರಂತೆ 18,000 ರೂಪಾಯಿ ತೆರಿಗೆ, ಅದರ ಮೇಲೆ ಸೆಸ್. ಬಡ ಶಾಲೆಗೆ ಇದು ಚಿಕ್ಕ ಮೊತ್ತವಲ್ಲ. ತಪ್ಪಿಸುವ ದಾರಿ ಮಾತ್ರ ಸುಲಭ. ಕೊಟ್ಟವರ ಹೆಸರು ಮತ್ತು ವಿಳಾಸದ ದಾಖಲೆ ಇಲ್ಲದ ಹಣವನ್ನಷ್ಟೇ ಕಾನೂನು ಅನಾಮಧೇಯ ಎನ್ನುತ್ತದೆ. ಶಾಲೆಯ ಡಬ್ಬಿಯ ಪಕ್ಕದಲ್ಲಿ ಒಂದು ಮೇಜು, ಒಂದು ರಸೀದಿ ಪುಸ್ತಕ, ಅಕ್ಷರ ಚೆನ್ನಾಗಿರುವ ಇಬ್ಬರು ಯುವಕರು ಇದ್ದರೆ ಸಾಕು. ಕ್ಯೂಆರ್ ಫಲಕದ ಮೂಲಕ ಬರುವ ಹಣದ ಬಗ್ಗೆಯೂ ಎಚ್ಚರವಿರಲಿ: ಬ್ಯಾಂಕಿನ ಪಟ್ಟಿಯಲ್ಲಿ ಹೆಸರು ಕಾಣಿಸಿದರೂ ವಿಳಾಸ ಇರುವುದಿಲ್ಲವಾದ್ದರಿಂದ, ಶಾಲೆಗೆಂದು ಬಂದ ಮೊತ್ತಗಳಿಗೆ ವಿಳಾಸ ಕೇಳಿ ಬರೆದುಕೊಳ್ಳುವುದು ಒಳ್ಳೆಯದು.

ದಾನಿಗಳಿಗೆ 80ಜಿ ರಿಯಾಯಿತಿ, ಅಂದರೆ ಕೊಟ್ಟ ದಾನಕ್ಕಾಗಿ ಅವರ ಸ್ವಂತ ತೆರಿಗೆಯ ಲೆಕ್ಕದಲ್ಲಿ ಸಿಗುವ, ಹಳೆಯ ಕಾಯ್ದೆಯ ಕಲಮಿನ ಹೆಸರಿನಿಂದ ಕರೆಯುವ ರಿಯಾಯಿತಿ, ಕೊಡಿಸುವ ಆಸೆಯನ್ನೂ ತಾವು ವ್ಯಕ್ತಪಡಿಸಿದ್ದೀರಿ. ಆ ಮನ್ನಣೆ ಒಂದು ನಿರ್ದಿಷ್ಟ ಧರ್ಮದವರ ಹಿತಕ್ಕೆಂದು ಇರುವ ಸಂಸ್ಥೆಗೆ ಸಿಗುವುದಿಲ್ಲ; ಸಿಕ್ಕ ಸಂಸ್ಥೆಯೂ ಧಾರ್ಮಿಕ ಕಾರ್ಯಕ್ಕೆ ತನ್ನ ವರಮಾನದ ಶೇ 5ಕ್ಕಿಂತ ಹೆಚ್ಚು ಖರ್ಚು ಮಾಡುವಂತಿಲ್ಲ. ಸಭಾಪಾಲಕರ ಸಂಬಳವನ್ನೂ ಶಾಲೆಯ ಸೀಮೆಸುಣ್ಣವನ್ನೂ ಒಂದೇ ಖಾತೆಯಿಂದ ಕೊಡುವ ಟ್ರಸ್ಟಿಗೆ ಇದು ಸಾಧ್ಯವಾಗದ ಮಾತು. ತಮ್ಮ ಶಾಲೆ ಎಲ್ಲ ಸಮುದಾಯದ ಮಕ್ಕಳಿಗೂ ತೆರೆದಿರುವುದರಿಂದ, ಅದಕ್ಕೆ ಬೇರೆಯೇ ಒಂದು ಶಿಕ್ಷಣ ಸಂಸ್ಥೆಯನ್ನು 1960ರ ಕರ್ನಾಟಕ ಸಂಘಗಳ ನೋಂದಣಿ ಕಾಯ್ದೆಯಡಿ ಕಟ್ಟಿಕೊಳ್ಳುವುದನ್ನು ಆಡಳಿತ ಮಂಡಳಿ ಗಂಭೀರವಾಗಿ ಯೋಚಿಸಬೇಕು. ಸಭೆಯಿಂದ ಶಾಲೆ ದೂರವಾದಂತೆ ಆಗುತ್ತದೆಂಬ ಹಿರಿಯರ ನೋವು ನನಗೆ ಅರ್ಥವಾಗುತ್ತದೆ. ಆದರೆ ಬೇರೆಯಾಗುವುದು ಲೆಕ್ಕ ಮಾತ್ರ. ಸಭೆಯವರೇ ಅದರ ಸದಸ್ಯರಾಗಿರಬಹುದು.

ಇನ್ನು ನೋಂದಣಿ. ತಮ್ಮ ಪತ್ರದಲ್ಲಿ ನನ್ನನ್ನು ನಿಜವಾಗಿ ಕಳವಳಗೊಳಿಸಿದ ವಿಷಯ ಇದೊಂದೇ. ಒಮ್ಮೆ ನೋಂದಾಯಿಸಿಕೊಂಡರೆ ಶಾಶ್ವತ ಎಂದಿದ್ದ ಹಿಂದಿನ ವ್ಯವಸ್ಥೆಯನ್ನು 2020ರ ಹಣಕಾಸು ಕಾಯ್ದೆ ಕೊನೆಗಾಣಿಸಿ, 2021ರ ಏಪ್ರಿಲ್‌ನಿಂದ ಎಲ್ಲರೂ ಹೊಸದಾಗಿ ನೋಂದಾಯಿಸಿಕೊಳ್ಳಬೇಕು, ಅದು ಐದು ವರ್ಷಕ್ಕೆ ಮಾತ್ರ, ಮುಗಿಯುವುದಕ್ಕೆ ಆರು ತಿಂಗಳು ಮೊದಲೇ ನವೀಕರಣದ ಅರ್ಜಿ ಸಲ್ಲಿಸಬೇಕು ಎಂದು ವಿಧಿಸಿತು. ಆಡಿಟರ್ ಕಚೇರಿ ತಾಲ್ಲೂಕು ಕೇಂದ್ರದಲ್ಲೂ ಇಲ್ಲದ ಕಡೆಯ ಸಣ್ಣ ಟ್ರಸ್ಟುಗಳ ಮೇಲೆ ಇದು ಅನಗತ್ಯ ಹೊರೆಯೆಂದು ಆಗಲೂ ನಾನು ಭಾವಿಸಿದ್ದೆ, ಈಗಲೂ ಭಾವಿಸುತ್ತೇನೆ. 2025ರ ಹಣಕಾಸು ಕಾಯ್ದೆ ಇದನ್ನು ಭಾಗಶಃ ಸರಿಪಡಿಸಿದೆ: ಅರ್ಜಿ ಹಾಕುವ ಹಿಂದಿನ ಎರಡೂ ವರ್ಷಗಳಲ್ಲಿ, ವಿನಾಯಿತಿ ಕಳೆಯುವ ಮುನ್ನದ ವರಮಾನ 5 ಕೋಟಿ ರೂಪಾಯಿ ಮೀರದ ಟ್ರಸ್ಟುಗಳಿಗೆ ನೋಂದಣಿಯ ಅವಧಿಯನ್ನು ಹತ್ತು ವರ್ಷಕ್ಕೆ ಏರಿಸಲಾಗಿದೆ. ಅರ್ಜಿಯಲ್ಲಿ ಏನೋ ಬಿಟ್ಟುಹೋಗಿದೆ ಎಂಬಷ್ಟಕ್ಕೇ ನೋಂದಣಿ ರದ್ದು ಮಾಡುವ ಅವಕಾಶವನ್ನೂ ಅದು ತೆಗೆದುಹಾಕಿತು. ತಮ್ಮ ಟ್ರಸ್ಟು ಈ ಮಿತಿಯೊಳಗೇ ಬರುತ್ತದೆ.

ಗಡುವು ತಪ್ಪಿದ್ದಕ್ಕೂ ಪರಿಹಾರವಿದೆ. ವಿಳಂಬಕ್ಕೆ ಸಕಾರಣವಿದ್ದರೆ ಅದನ್ನು ಮನ್ನಿಸುವ ಅಧಿಕಾರವನ್ನು 2024ರಲ್ಲಿ ಆದಾಯ ತೆರಿಗೆ ಆಯುಕ್ತರಿಗೆ ಕೊಡಲಾಯಿತು. ಹಿಂದಿನ ಕಾರ್ಯದರ್ಶಿ ಆಸ್ಪತ್ರೆಯಲ್ಲಿದ್ದರು, ಇಲಾಖೆಯ ಸಂದೇಶಗಳೆಲ್ಲ ಅವರ ಮಿಂಚಂಚೆಗೇ ಹೋಗುತ್ತಿದ್ದವು ಎಂಬ ತಮ್ಮ ವಿವರಣೆಯನ್ನು ಆಸ್ಪತ್ರೆಯ ದಾಖಲೆಯೊಂದಿಗೆ ಬರೆದು, ಅರ್ಜಿಯ ಜೊತೆಗೇ ಸಲ್ಲಿಸಿ. ಇದನ್ನು ಇನ್ನೊಂದು ವಾರ ಮುಂದೂಡಬೇಡಿ. ಇಷ್ಟು ಒತ್ತಿ ಹೇಳುವುದಕ್ಕೆ ಕಾರಣವಿದೆ. ನೋಂದಣಿ ಕೈತಪ್ಪಿದರೆ ಆ ವರ್ಷದ ವಿನಾಯಿತಿ ಹೋಗುವುದಷ್ಟೇ ಅಲ್ಲ. ಟ್ರಸ್ಟಿನ ಆಸ್ತಿಯ ಪೇಟೆಯ ಬೆಲೆಯಿಂದ ಸಾಲವನ್ನು ಕಳೆದು ಉಳಿದ ಮೊತ್ತದ ಮೇಲೆ ಅತ್ಯಧಿಕ ದರದಲ್ಲಿ ತೆರಿಗೆ ಹಾಕುವ ನಿಯಮವೊಂದಿದೆ. ಸಕಾಲದಲ್ಲಿ ನವೀಕರಣ ಕೋರದ ಟ್ರಸ್ಟುಗಳಿಗೂ ಅದನ್ನು 2023ರಲ್ಲಿ ವಿಸ್ತರಿಸಲಾಯಿತು. ನೂರು ವರ್ಷದ ಹಿಂದೆ ಊರ ಹೊರಗಿದ್ದ ಸಭೆಯ ಜಾಗ ಇಂದು ಪೇಟೆಯ ನಡುವೆ ಇದೆ ಎಂದು ತಾವು ಅಭಿಮಾನದಿಂದ ಬರೆದಿದ್ದೀರಿ. ಆ ಜಾಗದ ಬೆಲೆ ಈ ಲೆಕ್ಕಕ್ಕೆ ಬಂದರೆ ಏನಾಗುತ್ತದೆಂದು ಊಹಿಸಬಹುದು. ಮೊದಲ ನೋಂದಣಿಗೂ ಮುಂಚೆ, ತೆರಿಗೆ ವಿನಾಯಿತಿಯ ಪ್ರಯೋಜನ ಪಡೆಯದೆ ಇದ್ದ ಕಾಲದಲ್ಲಿ ಬಂದ ಆಸ್ತಿಯನ್ನು ಈ ಲೆಕ್ಕದಿಂದ ಹೊರಗಿಡುವ ಅವಕಾಶವಿದೆ. ಆದಕಾರಣ ಹಳೆಯ ದಾನಪತ್ರ, ಖಾತೆ, ಪಹಣಿಗಳನ್ನು ಈಗಲೇ ಹುಡುಕಿ ಆಡಿಟರ್ ಕೈಗೆ ಕೊಡಿ.

ಜರ್ಮನಿಯ ಹೆಣ್ಣುಮಗಳ ಹಣದ ಪ್ರಶ್ನೆಗೆ ಉತ್ತರ ಅವರ ಪಾಸ್‌ಪೋರ್ಟಿನಲ್ಲಿದೆ. ಅವರು ಇನ್ನೂ ಭಾರತದ ಪ್ರಜೆಯಾಗಿದ್ದು, ತಮ್ಮ ಸ್ವಂತ ಉಳಿತಾಯದಿಂದ ಬ್ಯಾಂಕಿನ ಮೂಲಕ ಕಳಿಸಿದರೆ ಅದು ವಿದೇಶಿ ದೇಣಿಗೆಯೇ ಅಲ್ಲ. ಪಾಸ್‌ಪೋರ್ಟಿನ ಪ್ರತಿಯನ್ನು ಕಡತದಲ್ಲಿ ಇಟ್ಟುಕೊಂಡು ಎಂದಿನಂತೆ ರಸೀದಿ ಕೊಡಬಹುದು. ಅಲ್ಲಿನ ಪೌರತ್ವ ಪಡೆದಿದ್ದರೆ, ಸಾಗರೋತ್ತರ ಭಾರತೀಯರ ಒಸಿಐ ಕಾರ್ಡು ಇದ್ದರೂ ಸಹ, ಅದು ವಿದೇಶಿ ದೇಣಿಗೆಯಾಗುತ್ತದೆ. ಆಗ 2010ರ ವಿದೇಶಿ ದೇಣಿಗೆ ನಿಯಂತ್ರಣ ಕಾಯ್ದೆಯಡಿ ಗೃಹ ಸಚಿವಾಲಯದ ನೋಂದಣಿಯನ್ನೋ ಪೂರ್ವಾನುಮತಿಯನ್ನೋ ಪಡೆಯದೆ, ದೆಹಲಿಯ ಸಂಸತ್ ಮಾರ್ಗದಲ್ಲಿರುವ ಸ್ಟೇಟ್ ಬ್ಯಾಂಕ್ ಶಾಖೆಯಲ್ಲಿ ಖಾತೆ ತೆರೆಯದೆ, ಒಂದು ರೂಪಾಯಿಯನ್ನೂ ಪಡೆಯುವಂತಿಲ್ಲ. ಊರಿನ ಅಣ್ಣನ ಖಾತೆಗೆ ಕಳಿಸಿ ಅಲ್ಲಿಂದ ಶಾಲೆಗೆ ಕೊಡಿಸೋಣ ಎಂಬ ಸಲಹೆ ಮಂಡಳಿಯಲ್ಲಿ ಬಂದಿತೆಂದು ಬರೆದಿದ್ದೀರಿ. ದಯವಿಟ್ಟು ಅದನ್ನು ಒಪ್ಪಬೇಡಿ. ಸದುದ್ದೇಶದಿಂದ ಹಿಡಿದ ಆ ಅಡ್ಡದಾರಿ ಆ ಕುಟುಂಬವನ್ನೂ ಶಾಲೆಯನ್ನೂ ಒಟ್ಟಿಗೆ ಆಪತ್ತಿಗೆ ದೂಡುತ್ತದೆ.

ಬೆಂಗಳೂರಿನ ಸಂಸ್ಥೆಯೊಂದರಿಂದ ಪ್ರತಿ ವರ್ಷ ಬರುತ್ತಿದ್ದ ನೆರವು ಕೆಲವು ವರ್ಷಗಳಿಂದ ಏಕೆ ನಿಂತಿದೆ ಎಂಬುದಕ್ಕೂ ಇದೇ ಕಾಯ್ದೆ ಕಾರಣವಿರಬೇಕು. 2020ರ ಸೆಪ್ಟೆಂಬರ್‌ನಲ್ಲಿ ಜಾರಿಯಾದ ತಿದ್ದುಪಡಿ, ವಿದೇಶಿ ದೇಣಿಗೆ ಪಡೆದ ಸಂಸ್ಥೆ ಅದನ್ನು ಇನ್ನೊಂದು ಸಂಸ್ಥೆಗೆ ವರ್ಗಾಯಿಸುವುದನ್ನು ಪೂರ್ತಿಯಾಗಿ ನಿಷೇಧಿಸಿತು. ಆಡಳಿತ ವೆಚ್ಚದ ಮಿತಿಯನ್ನು ಶೇ 50ರಿಂದ ಶೇ 20ಕ್ಕೆ ಇಳಿಸಿತು. 2022ರ ಏಪ್ರಿಲ್ 8ರಂದು ಸುಪ್ರೀಂ ಕೋರ್ಟ್ ಈ ತಿದ್ದುಪಡಿಯನ್ನು ಎತ್ತಿಹಿಡಿಯಿತು; ವಿದೇಶಿ ದೇಣಿಗೆ ಪಡೆಯುವುದು ಪರಮ ಹಕ್ಕಲ್ಲ ಎಂಬುದು ಅದರ ನಿಲುವು. ತೀರ್ಪಿಗೆ ತಲೆಬಾಗಿಯೂ ನನ್ನ ಅಭಿಪ್ರಾಯ ಹೇಳಬೇಕು: ಈ ಒಂದು ನಿಷೇಧದಿಂದ ಪೆಟ್ಟು ಬಿದ್ದದ್ದು ನಗರದ ದೊಡ್ಡ ಸಂಸ್ಥೆಗಳಿಗಿಂತ ಹೆಚ್ಚಾಗಿ ಅವುಗಳ ಕೈಹಿಡಿದು ನಡೆಯುತ್ತಿದ್ದ ಹಳ್ಳಿಯ ಸಂಘಗಳಿಗೆ. ನೇರ ನೋಂದಣಿ ಪಡೆಯಲು ಮೂರು ವರ್ಷಗಳಲ್ಲಿ ಕನಿಷ್ಠ 15 ಲಕ್ಷ ರೂಪಾಯಿಯನ್ನು ಸಂಸ್ಥೆಯ ಮುಖ್ಯ ಕೆಲಸಕ್ಕೆ ಖರ್ಚು ಮಾಡಿರಬೇಕು ಎನ್ನುವಾಗ, ಹೊಲಿಗೆ ತರಗತಿ ನಡೆಸುವ ಒಂದು ಮಹಿಳಾ ಸಂಘ ಆ ಬಾಗಿಲವರೆಗೆ ಹೋಗುವುದಾದರೂ ಹೇಗೆ?

ನೆರೆಯ ಕಾನ್ವೆಂಟಿನ ಅನುದಾನಿತ ಶಾಲೆಯಲ್ಲಿ ಕಲಿಸುವ ಸಿಸ್ಟರ್ ಒಬ್ಬರ ಸಂಬಳದಲ್ಲಿ ತೆರಿಗೆ ಹಿಡಿಯುತ್ತಿರುವುದು ಸರಿಯೇ ಎಂಬ ಪ್ರಶ್ನೆಯೂ ಪತ್ರದ ಅಂಚಿನಲ್ಲಿತ್ತು. ಅದು ಇತ್ಯರ್ಥವಾಗಿರುವ ವಿಷಯ. ಸಂಬಳವನ್ನೆಲ್ಲ ತಮ್ಮ ಮಠಕ್ಕೆ ಒಪ್ಪಿಸಿದರೂ, ಅದು ಅವರ ಹೆಸರಿಗೆ ಬರುವ ಸಂಬಳವೇ ಆದ್ದರಿಂದ ಮೂಲದಲ್ಲಿ ತೆರಿಗೆ ಕಡಿತ ಮಾಡಬೇಕೆಂಬುದನ್ನು 2024ರ ನವೆಂಬರ್‌ನಲ್ಲಿ ಸುಪ್ರೀಂ ಕೋರ್ಟ್ ಎತ್ತಿಹಿಡಿದಿದೆ.

ಮುಚ್ಚಿಸುವುದಕ್ಕೆ ಮಾಡಿದ ಕಾನೂನೇ ಎಂಬ ತಮ್ಮ ಕೊನೆಯ ಪ್ರಶ್ನೆಗೆ ಒಂದೇ ಮಾತಿನ ಉತ್ತರ ನನ್ನಲ್ಲಿಲ್ಲ. ತೆರಿಗೆಯ ನಿಯಮಗಳು ಮಠ, ಮಸೀದಿ, ಬಸದಿ, ಚರ್ಚು ಎನ್ನದೆ ಎಲ್ಲರಿಗೂ ಒಂದೇ. ಅವುಗಳನ್ನು ಒಂದು ಧರ್ಮದ ಮೇಲಿನ ಹಗೆಯೆಂದು ಓದುವುದು ಸರಿಯಲ್ಲ. ವಿದೇಶಿ ದೇಣಿಗೆಯ ಕಾಯ್ದೆಯೂ ಅಕ್ಷರದಲ್ಲಿ ಎಲ್ಲರಿಗೂ ಒಂದೇ, ಆದರೆ ಹೊರದೇಶದ ಸಹೋದರ ಸಭೆಗಳ ನೆರವಿನಿಂದ ಬೆಳೆದ ಸಂಸ್ಥೆಗಳ ಮೇಲೆ ಅದರ ಭಾರ ಹೆಚ್ಚು ಬಿದ್ದಿದೆ ಎಂಬ ತಮ್ಮ ದೂರಿನಲ್ಲಿ ನಿಜವಿದೆ. ಲೆಕ್ಕ ಕೇಳುವುದೇ ಅವಮಾನ ಎಂಬ ತಮ್ಮ ಹಿರಿಯರ ಮಾತನ್ನು ಮಾತ್ರ ನಾನು ಒಪ್ಪಲಾರೆ. 1834ರಲ್ಲಿ ಮಂಗಳೂರಿಗೆ ಬಂದು, ಕೆಲವೇ ವರ್ಷಗಳಲ್ಲಿ ಧಾರವಾಡದ ಸೀಮೆಗೂ ಹಬ್ಬಿದ ಬಾಸೆಲ್ ಮಿಶನ್‌ನವರು ತಮ್ಮ ಕೆಲಸದ ವರದಿಯನ್ನು ವರ್ಷ ವರ್ಷವೂ ಸಮುದ್ರದಾಚೆಗೆ ಕಳಿಸುತ್ತಿದ್ದರು. ಕೊಟ್ಟವರಿಗೆ ಲೆಕ್ಕ ಒಪ್ಪಿಸುವುದು ತಮ್ಮ ಪರಂಪರೆಗೆ ಹೊಸದಲ್ಲ.

ಕಂಪ್ಯೂಟರ್ ಬಾರದ ತಾವು ಖಜಾಂಚಿ ಸ್ಥಾನವನ್ನು ಬಿಡಬೇಕೇ ಎಂದು ಕೇಳಿದ್ದೀರಿ. ಬಿಡಬೇಡಿ ಎಂದು ಕೇಳಿಕೊಳ್ಳುತ್ತೇನೆ. ಇಪ್ಪತ್ತೆರಡು ವರ್ಷ ತಮ್ಮ ಕೈಬರಹದಲ್ಲಿ ಬರೆದಿರುವ ಜಮಾ ಖರ್ಚಿನ ಪುಸ್ತಕಗಳೇ ಆಯುಕ್ತರ ಮುಂದೆ ಟ್ರಸ್ಟಿನ ಅತ್ಯುತ್ತಮ ಸಾಕ್ಷಿ. ಪೋರ್ಟಲ್ಲಿನ ಕೆಲಸಕ್ಕೆ ಸಭೆಯ ಯಾರಾದರೂ ವಾಣಿಜ್ಯ ಪದವೀಧರರನ್ನು ಜೊತೆಗೆ ಸೇರಿಸಿಕೊಳ್ಳಿ, ಇಲಾಖೆಯ ಸಂದೇಶಗಳು ಒಬ್ಬರ ಬದಲು ಮೂವರಿಗೆ ತಲುಪುವಂತೆ ಮಿಂಚಂಚೆಯನ್ನು ಬದಲಿಸಿ. ವಿಳಂಬ ಮನ್ನಿಸುವ ಅರ್ಜಿಗೆ ಉತ್ತರ ಬಂದೊಡನೆ ನಮಗೊಂದು ಕಾಗದ ಬರೆಯಿರಿ; ಇದೇ ಸ್ಥಿತಿಯಲ್ಲಿರುವ ಬೇರೆ ಊರಿನ ಖಜಾಂಚಿಗಳಿಗಾಗಿ ಅದನ್ನೂ ಪ್ರಕಟಿಸುತ್ತೇವೆ.

– ಸಂಪಾದಕ